ಗುರುತಿಸಿದರಷ್ಟೇ ಸಾಲದು: ಪವಾಯಿಯ ಕಾರ್-ಟಿ, ಪರೇಲಿನ ಎಳೆಗೂಸು ಮತ್ತು ಒಂದು ಜೀನು

ಮುಂಬೈನಲ್ಲಿ ಮನೆ ಮಾಡಿಕೊಂಡ ಕನ್ನಡಿಗರಿಗೆ ಊರಿನಿಂದ ಬರುವ ಫೋನುಗಳಲ್ಲಿ ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಯ ವಿಚಾರದ್ದೇ ಒಂದು ಪಾಲು. ಕಲಬುರಗಿಯಿರಲಿ, ಬೆಳಗಾವಿಯಿರಲಿ, ಕುಂದಾಪುರವಿರಲಿ, ಯಾರಿಗೋ ಕ್ಯಾನ್ಸರ್ ಅಂತ ಗೊತ್ತಾದ ಕೂಡಲೇ ಡೊಂಬಿವಿಲಿಯಲ್ಲೋ ಮಾಟುಂಗಾದಲ್ಲೋ ಇರುವ ನೆಂಟರ ನಂಬರ್ ಹುಡುಕುತ್ತಾರೆ. ದಾದರ್‌ನಲ್ಲಿ ಇಳಿಯಬೇಕಾ, ಧರ್ಮಶಾಲೆಯಲ್ಲಿ ಜಾಗ ಸಿಗುತ್ತಾ, ಕೇಸ್ ಪೇಪರ್ ಮಾಡಿಸೋಕೆ ಎಷ್ಟು ಹೊತ್ತಿಗೆ ಹೋಗಬೇಕು, ಇಂಥವೇ ಪ್ರಶ್ನೆಗಳು. ಈಚೆಗೆ ಇವುಗಳ ಜೊತೆ ಹೊಸದೊಂದು ಸೇರಿಕೊಂಡಿದೆ. "ಅಣ್ಣಾ, ರಕ್ತ ತೆಗೆದು ಅದರ ಸೆಲ್‌ಗಳಿಗೆ ಟ್ರೇನಿಂಗ್ ಕೊಟ್ಟು ವಾಪಸ್ ಹಾಕ್ತಾರಂತಲ್ಲ, ಅಪ್ಪಂಗೆ ಅದು ಆಗತ್ತಾ?"

ಕೇಳುತ್ತಿರುವುದು ಕಾರ್-ಟಿ ಚಿಕಿತ್ಸೆಯ ಬಗ್ಗೆ. ಪವಾಯಿಯ ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ಬೆಳೆಸಿದ ನೆಕ್ಸ್‌ಕಾರ್19ಕ್ಕೆ 2023ರ ಅಕ್ಟೋಬರ್‌ನಲ್ಲಿ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆ ಕೊಟ್ಟಿತು. 2024ರ ಏಪ್ರಿಲ್ 4ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಪವಾಯಿಗೇ ಬಂದು ಬಿಡುಗಡೆ ಮಾಡಿದರು. ಸುದ್ದಿಯಲ್ಲೆಲ್ಲ ಒಂದೇ ಮಾತು: ನಮ್ಮ ರಕ್ತದಲ್ಲಿ ರೋಗದ ವಿರುದ್ಧ ಹೋರಾಡುವ ಟಿ ಕೋಶಗಳಿಗೆ ಕ್ಯಾನ್ಸರ್ ಗುರುತಿಸುವುದನ್ನು ಕಲಿಸುತ್ತಾರೆ. ಮಾತು ಸುಳ್ಳಲ್ಲ. ಆದರೆ ಅರ್ಧ ಮಾತ್ರ. ಗುರುತಿಸುವುದಷ್ಟರಿಂದ ಯಾವ ಕ್ಯಾನ್ಸರ್ ಕೋಶವೂ ಸಾಯುವುದಿಲ್ಲ. ಗುರುತಿಸಿದ್ದನ್ನು ಕೋಶದ ಒಳಕ್ಕೆ ಮುಟ್ಟಿಸಬೇಕು. ಆ ಕೆಲಸ ಮಾಡುವ ಪ್ರೊಟೀನಿನ ಜೀನು ಸಿಡಿ247. ಪ್ರೊಟೀನನ್ನು ಸಿಡಿ3 ಝೀಟಾ ಅನ್ನುತ್ತಾರೆ, ಇಲ್ಲಿ ಸುಮ್ನೆ ಝೀಟಾ ಅನ್ನೋಣ. ಪವಾಯಿಯ ಔಷಧಿಯೊಳಗೆ ಇರುವುದು ಇದರದೇ ತುಂಡು. ಇದೇ ಜೀನು ಕೆಟ್ಟು ಹುಟ್ಟಿದ ಮಗುವಿಗೆ ಸಣ್ಣ ಸೋಂಕೂ ಜೀವಕ್ಕೆ ಬರುತ್ತದೆ.

ಟಿ ಕೋಶದ ಮೇಲ್ಮೈಯಲ್ಲಿ ಒಂದು ಗ್ರಾಹಕ ಇರುತ್ತದೆ. ಅದು ಒಂದೇ ಪ್ರೊಟೀನ್ ಅಲ್ಲ, ಎಂಟು ಎಳೆಗಳ ಕಟ್ಟು. ಹೊರಗೆ ಚಾಚಿಕೊಂಡಿರುವ ಆಲ್ಫಾ ಮತ್ತು ಬೀಟಾ ಎಂಬ ಎರಡು ಎಳೆಗಳು ಶತ್ರುವನ್ನು ಗುರುತಿಸುತ್ತವೆ. ಮಿಕ್ಕ ಆರು ಸಿಡಿ3 ಗುಂಪಿನವು: ಗ್ಯಾಮಾ ಒಂದು, ಡೆಲ್ಟಾ ಒಂದು, ಎಪ್ಸಿಲಾನ್ ಎರಡು, ಝೀಟಾ ಎರಡು. ಮಾಟುಂಗಾದ ಹಳೇ ಉಡುಪಿ ಹೋಟೆಲಲ್ಲಿ ಕೂತಿದ್ದೀರಿ ಅಂದುಕೊಳ್ಳಿ. ಮೇಜಿನ ಹತ್ತಿರ ಬಂದು ನಿಮಗೇನು ಬೇಕು ಅಂತ ಕೇಳಿಸಿಕೊಳ್ಳುವುದು ಒಂದು ಕೆಲಸ. ಅದನ್ನು ಅಡುಗೆಮನೆಯ ಭಟ್ಟರಿಗೆ ಮುಟ್ಟುವಂತೆ ಕೂಗಿ ಹೇಳುವುದು ಇನ್ನೊಂದು. ಸಪ್ಲಾಯರ್ ಎಷ್ಟೇ ಚೆನ್ನಾಗಿ ಕೇಳಿಸಿಕೊಂಡರೂ ಕೂಗದೆ ಹೋದರೆ ಕಾವಲಿಗೆ ದೋಸೆ ಬೀಳುವುದಿಲ್ಲ. ಆಲ್ಫಾ-ಬೀಟಾ ಕೇಳಿಸಿಕೊಳ್ಳುವ ಕಿವಿ. ಒಳಗೆ ಮುಟ್ಟುವ ಕೂಗು ಸಿಡಿ3 ಗುಂಪಿನದು, ಅದರಲ್ಲೂ ಝೀಟಾದ್ದೇ ಜಾಸ್ತಿ.

ಝೀಟಾದ ಆಕಾರ ನೋಡಿದರೇ ಇದು ಗೊತ್ತಾಗುತ್ತದೆ. ಕೋಶದ ಹೊರಗೆ ಕಾಣುವುದು ಬರೀ 9 ಅಮೈನೋ ಆಮ್ಲ, ಇದ್ದೂ ಇಲ್ಲದ ಹಾಗೆ. ಒಳಗಿನ ಬಾಲದಲ್ಲಿ ಮಾತ್ರ ನೂರಕ್ಕೂ ಜಾಸ್ತಿ. ಆಲ್ಫಾ-ಬೀಟಾಗಳದ್ದು ಇದಕ್ಕೆ ತದ್ವಿರುದ್ಧ. ಹೊರಗೆ ದೊಡ್ಡ ತಲೆ, ಒಳಗೆ ಮೊಂಡು ಬಾಲ. ಝೀಟಾದ ಬಾಲದ ಮೇಲೆ ಐಟ್ಯಾಮ್ ಎಂಬ ಮೂರು ಜಾಗಗಳಿವೆ. ಒಂದೊಂದರಲ್ಲೂ ಟೈರೊಸಿನ್ ಎಂಬ ಅಮೈನೋ ಆಮ್ಲ ಎರಡೆರಡು. ಗ್ಯಾಮಾ, ಡೆಲ್ಟಾ, ಎಪ್ಸಿಲಾನ್‌ಗಳಿಗೆ ಇಂಥ ಜಾಗ ತಲಾ ಒಂದೇ. ಲೆಕ್ಕ ಹಾಕಿ: ಒಂದು ಗ್ರಾಹಕದಲ್ಲಿ ಒಟ್ಟು 10 ಐಟ್ಯಾಮ್, ಅದರಲ್ಲಿ 6 ಝೀಟಾ ಜೋಡಿಯವು.

ಹೊರಗೆ ಆಲ್ಫಾ-ಬೀಟಾ ತನ್ನ ಗುರಿಯನ್ನು ಹಿಡಿದುಕೊಂಡ ಮರುಕ್ಷಣ ಒಳಗೆ ಎಲ್‌ಸಿಕೆ ಎಂಬ ಕಿಣ್ವ ಈ ಟೈರೊಸಿನ್‌ಗಳಿಗೆ ಫಾಸ್ಫೇಟ್ ಅಂಟಿಸುತ್ತದೆ. ಎರಡು ಟೈರೊಸಿನ್‌ಗಳಿಗೂ ಫಾಸ್ಫೇಟ್ ಬಿದ್ದ ಐಟ್ಯಾಮ್ ಮೇಲೆ ಝ್ಯಾಪ್-70 ಎಂಬ ಇನ್ನೊಂದು ಕಿಣ್ವ ಬಂದು ಕೂರುತ್ತದೆ. ಎರಡನ್ನೂ ಒಟ್ಟಿಗೆ ಹಿಡಿದರೇನೇ ಅದಕ್ಕೆ ನೆಲೆ, ಒಂದೇ ಇದ್ದರೆ ಜಾರಿ ಹೋಗುತ್ತದೆ. ಹೀಗಾಗಿ ಸಣ್ಣಪುಟ್ಟ ಸದ್ದಿಗೆ ಕೋಶ ಎದ್ದು ಕೂರುವುದಿಲ್ಲ. ಝ್ಯಾಪ್-70 ಕೂತ ಮೇಲೆ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ, ಜೀನುಗಳು ತೆರೆದುಕೊಳ್ಳುತ್ತವೆ, ಕೋಶ ಇಮ್ಮಡಿ ಮುಮ್ಮಡಿ ಆಗುತ್ತದೆ. ಕೊಲ್ಲುವ ಜಾತಿಯ ಟಿ ಕೋಶವಾದರೆ ಎದುರಿನ ಕೋಶಕ್ಕೆ ತೂತು ಕೊರೆದು ಒಳಗೆ ವಿಷ ಬಿಡುತ್ತದೆ.

ಇಲ್ಲೊಂದು ಸೂಕ್ಷ್ಮ ಇದೆ. ಆಲ್ಫಾ-ಬೀಟಾ ಎಳೆಗಳ ಜೀನುಗಳನ್ನು ಎದೆಯ ಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ ಪ್ರತಿ ಕೋಶವೂ ಕತ್ತರಿಸಿ, ತನ್ನದೇ ರೀತಿಯಲ್ಲಿ ಜೋಡಿಸಿಕೊಳ್ಳುತ್ತದೆ. ಅದಕ್ಕೇ ಒಬ್ಬರ ಮೈಯಲ್ಲಿ ಕೋಟಿಗಟ್ಟಲೆ ಬೇರೆ ಬೇರೆ ಗ್ರಾಹಕಗಳು. ಇವತ್ತಿನವರೆಗೆ ಕಾಣದ ವೈರಸ್ ನಾಳೆ ಬಂದರೂ ಅದನ್ನು ಹಿಡಿಯುವವನು ಎಲ್ಲೋ ಒಬ್ಬ ಇರುತ್ತಾನೆ. ಝೀಟಾ ಹಾಗಲ್ಲ. ಅಷ್ಟೂ ಕೋಶಗಳಲ್ಲಿ ಅದು ಒಂದೇ. ಆಲ್ಫಾ-ಬೀಟಾ ಜೋಡಣೆ ಒಂದು ಕೋಶದಲ್ಲಿ ಎಡವಟ್ಟಾದರೆ ಹಾಳಾಗುವುದು ಆ ಕೋಶ ಮಾತ್ರ. ಮೊದಲನೇ ಕ್ರೋಮೋಸೋಮಿನ ಮೇಲಿರುವ ಸಿಡಿ247 ಕೆಟ್ಟರೆ ಇಡೀ ಪಡೆಯೇ ಒಟ್ಟಿಗೆ ಮೂಕವಾಗುತ್ತದೆ.

ಅಷ್ಟೇ ಅಲ್ಲ, ಝೀಟಾ ಇಲ್ಲದಿದ್ದರೆ ಮಿಕ್ಕ ಆರು ಎಳೆಗಳೂ ಕೋಶದ ಮೇಲ್ಮೈ ತಲುಪುವುದು ಕಷ್ಟ. ಅರೆಬರೆ ಕಟ್ಟಿದ ಗ್ರಾಹಕವನ್ನು ಕೋಶವೇ ಒಳಗೆ ಒಡೆದು ಹಾಕುತ್ತದೆ. ಮನುಷ್ಯರಲ್ಲಿ ಇದರ ಪರಿಣಾಮ ಮೊದಲು ವರದಿಯಾದದ್ದು 2006ರಲ್ಲಿ. ಒಂದು ಮಗುವಿಗೆ ತಂದೆಯಿಂದಲೂ ತಾಯಿಯಿಂದಲೂ ಸಿಡಿ247ರ ಕೆಟ್ಟ ಪ್ರತಿಯೇ ಬಂದಿತ್ತು. ಪ್ರೊಟೀನಿನ 70ನೇ ಜಾಗದಲ್ಲಿ 'ಇಲ್ಲಿಗೆ ನಿಲ್ಲಿಸು' ಎನ್ನುವ ಸಂಕೇತ ಸೇರಿಕೊಂಡಿತ್ತು. ವಿಚಿತ್ರ ಏನಂದರೆ, ಆ ಮಗುವಿನ ಟಿ ಕೋಶಗಳಲ್ಲಿ ಒಂದು ಸಣ್ಣ ಪಾಲು ಸರಿಯಾದ ಗ್ರಾಹಕವನ್ನೇ ಹೊತ್ತಿತ್ತು. ನೋಡಿದರೆ ಆ ಕೋಶಗಳಲ್ಲಿ ಅದೇ 70ನೇ ಜಾಗದಲ್ಲಿ ಇನ್ನೊಂದು ಬದಲಾವಣೆ ಆಗಿ, ನಿಲ್ಲಿಸುವ ಸಂಕೇತ ಅಳಿಸಿಹೋಗಿತ್ತು. ಒಂದು ಬಗೆಯಲ್ಲಲ್ಲ, ಬೇರೆ ಬೇರೆ ಕೋಶಗಳಲ್ಲಿ ಬೇರೆ ಬೇರೆ ಬಗೆಯಲ್ಲಿ. ಬದುಕಿ ಬೆಳೆಯಲು ಈ ಪ್ರೊಟೀನ್ ಎಷ್ಟು ಅನಿವಾರ್ಯ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಆಕಸ್ಮಿಕವಾಗಿ ಸರಿಹೋದ ಕೋಶಗಳಿಗೆ ಮಾತ್ರ ಬೆಳೆಯಲು ದಾರಿ ಸಿಕ್ಕಿತ್ತು. ಆದರೂ ಅಷ್ಟರಿಂದ ಮಗುವಿನ ರೋಗ ನಿರೋಧಕ ಶಕ್ತಿ ಸರಿಯಾಗಲಿಲ್ಲ.

ಪಕ್ಕದ ಎಳೆಗಳ ಕಥೆ ಬೇರೆ ಬೇರೆ. ಡೆಲ್ಟಾ ಕೆಟ್ಟರೆ ಸ್ಥಿತಿ ಗಂಭೀರ, 2003ರಲ್ಲಿ ಅದು ಪತ್ತೆಯಾಯಿತು. ಗ್ಯಾಮಾ ಕೆಟ್ಟರೆ ಅಷ್ಟಿಲ್ಲ. 1980ರ ದಶಕದಲ್ಲಿ ಸ್ಪೇನಿನ ಒಂದು ಕುಟುಂಬದಲ್ಲಿ ಅದೇ ದೋಷವಿದ್ದ ಅಣ್ಣತಮ್ಮಂದಿರಲ್ಲಿ ಒಬ್ಬ ಎಳವೆಯಲ್ಲೇ ತೀರಿಕೊಂಡ, ಇನ್ನೊಬ್ಬ ಆರೋಗ್ಯವಾಗಿ ಬೆಳೆದ. ಜೀನು ಕೆಟ್ಟಿದೆ ಅಂದ ಮಾತ್ರಕ್ಕೆ ಹಣೆಬರಹ ಬರೆದಂತಲ್ಲ ಅನ್ನುವುದಕ್ಕೆ ವೈದ್ಯರು ಈಗಲೂ ಇದನ್ನು ನೆನೆಯುತ್ತಾರೆ.

ಹುಟ್ಟಿನಿಂದ ಜೀನು ಸರಿ ಇದ್ದವರಲ್ಲೂ ಝೀಟಾ ಕಡಿಮೆಯಾಗುವುದುಂಟು. ಕ್ಯಾನ್ಸರ್ ಗೆಡ್ಡೆಯ ಸುತ್ತ ಸಿಕ್ಕಿಬಿದ್ದ ಟಿ ಕೋಶಗಳಲ್ಲಿ ಹೀಗಾಗುತ್ತದೆ ಅಂತ 1990ರ ದಶಕದಿಂದ ಗೊತ್ತಿದೆ. ರೋಗ ನಿರೋಧಕ ಪಡೆ ತನ್ನ ಮೈಯನ್ನೇ ಹೊಡೆಯುವ ಲೂಪಸ್ ರೋಗ ಇರುವವರಲ್ಲಿ ಝೀಟಾದ ಜಾಗಕ್ಕೆ ಬೇರೊಂದು ಪ್ರೊಟೀನ್ ಬಂದು ಕೂತು, ಟಿ ಕೋಶ ಇದ್ದಕ್ಕಿದ್ದಂತೆ ಅತಿಯಾಗಿ ಕೂಗುವ ಹಾಗಾಗುತ್ತದೆ.

ಈಗ ಪವಾಯಿಗೆ ಬರೋಣ. ಝೀಟಾದ ಬಾಲ ಒಂದನ್ನೇ ಕತ್ತರಿಸಿ ಬೇರೆ ಪ್ರೊಟೀನಿನ ತಲೆಗೆ ಅಂಟಿಸಿದರೂ ಅದು ಟಿ ಕೋಶವನ್ನು ಎಬ್ಬಿಸಬಲ್ಲದು ಅಂತ 1991ರಲ್ಲಿ ಅಮೆರಿಕದ ಪ್ರಯೋಗಾಲಯಗಳು ತೋರಿಸಿದವು. ಇಸ್ರೇಲಿನ ಝೆಲಿಗ್ ಎಶ್‌ಹಾರ್ ಅದಕ್ಕೂ ಮೊದಲೇ, 1989ರಲ್ಲಿ, ರೋಗಾಣುವನ್ನು ಗುರುತಿಸಿ ಅಂಟಿಕೊಳ್ಳುವ ಪ್ರೊಟೀನಾದ ಪ್ರತಿಕಾಯದ ತುದಿಯನ್ನು ಟಿ ಕೋಶದ ಗ್ರಾಹಕಕ್ಕೆ ಕಸಿ ಮಾಡಿದ್ದರು. 1993ರಲ್ಲಿ ಅವರೇ ಪ್ರತಿಕಾಯದ ತುದಿಯನ್ನೂ ಈ ಬಾಲವನ್ನೂ ಒಂದೇ ಎಳೆಯಲ್ಲಿ ಕೂಡಿಸಿದರು. ಕಾರ್ ಎನ್ನುವುದರ ಮೂಲ ಇದೇ. ಹೊರಗೆ ಬೇರೆಯದೇ ಕಿವಿ, ಒಳಗೆ ಅದೇ ಹಳೆಯ ಕೂಗು.

ಆದರೆ ಝೀಟಾ ಮಾತ್ರ ಇದ್ದ ಮೊದಲ ತಲೆಮಾರಿನ ಕಾರ್‌ಗಳು ರೋಗಿಗಳಲ್ಲಿ ಬಾಳಲಿಲ್ಲ. ಕೋಶಗಳು ಸ್ವಲ್ಪ ದಿನ ಕೆಲಸ ಮಾಡಿ ಮಾಯವಾಗುತ್ತಿದ್ದವು. ಟಿ ಕೋಶಕ್ಕೆ 'ಹೊಡಿ' ಅನ್ನುವ ಸಂಕೇತದ ಜೊತೆ 'ಬದುಕು, ಬೆಳಿ' ಅನ್ನುವ ಎರಡನೇ ಸಂಕೇತವೂ ಬೇಕು. ಸಿಡಿ28 ಅಥವಾ 4-1ಬಿಬಿ ಎಂಬ ಇನ್ನೊಂದು ಪ್ರೊಟೀನಿನ ತುಂಡನ್ನು ಝೀಟಾದ ಮುಂದೆ ಸೇರಿಸಿದ ಮೇಲೆ ಚಿತ್ರ ಬದಲಾಯಿತು. 2012ರಲ್ಲಿ ಫಿಲಡೆಲ್ಫಿಯಾದಲ್ಲಿ ಎಮಿಲಿ ವೈಟ್‌ಹೆಡ್ ಎಂಬ ಪುಟ್ಟ ಹುಡುಗಿಯ ಲ್ಯುಕೇಮಿಯಾ ಇದರಿಂದ ವಾಸಿಯಾಯಿತು. 2017ರ ಆಗಸ್ಟ್‌ನಲ್ಲಿ ಕಿಮ್ರಿಯಾ ಎಂಬ ಹೆಸರಿನಲ್ಲಿ ಅಮೆರಿಕದಲ್ಲಿ ಮೊದಲ ಒಪ್ಪಿಗೆ ಸಿಕ್ಕಿತು. ಬೆಲೆ 4,75,000 ಡಾಲರ್.

ನಮ್ಮವರು ಮಾಡಿದ್ದೇನು? ಐಐಟಿಯ ರಾಹುಲ್ ಪುರ್ವಾರ್ ಅವರ ತಂಡ ಮುಖ್ಯವಾಗಿ ಬದಲಿಸಿದ್ದು ಕಾರ್‌ನ ತಲೆಯನ್ನು. ಕ್ಯಾನ್ಸರ್ ಕೋಶದ ಮೇಲಿನ ಸಿಡಿ19 ಎಂಬ ಗುರುತನ್ನು ಹಿಡಿಯುವ ಪ್ರತಿಕಾಯದ ತುದಿ ಮೂಲದಲ್ಲಿ ಇಲಿಯದ್ದು. ಅದನ್ನು ಮನುಷ್ಯರ ಪ್ರತಿಕಾಯಕ್ಕೆ ಹತ್ತಿರ ಮಾಡಿದರು. ಒಳಗಿನ 4-1ಬಿಬಿ ಮತ್ತು ಝೀಟಾ ಹಾಗೇ ಉಳಿದವು. ಜೊತೆಗೆ, ಕಾರ್‌ನ ಜೀನನ್ನು ಟಿ ಕೋಶದೊಳಗೆ ಸಾಗಿಸುವ ವೈರಸ್ ವಾಹಕದಿಂದ ಹಿಡಿದು ಕೋಶ ಬೆಳೆಸುವವರೆಗೆ ಎಲ್ಲವನ್ನೂ ಇಲ್ಲೇ ಮಾಡಿ ಖರ್ಚು ಇಳಿಸಿದರು. ನನ್ನ ಪ್ರಕಾರ ಇದೇ ದೊಡ್ಡ ಸಾಧನೆ. 2021ರ ಜೂನ್‌ನಲ್ಲಿ ನವಿ ಮುಂಬೈನ ಖಾರ್‌ಘರ್‌ನಲ್ಲಿರುವ ಟಾಟಾದ ಕೇಂದ್ರದಲ್ಲಿ ಮೊದಲ ರೋಗಿಗೆ ಕೊಟ್ಟರು. ಬಿಡುಗಡೆಯ ಹೊತ್ತಿಗೆ ಬೆಲೆ 40 ಲಕ್ಷ ರೂಪಾಯಿಯ ಆಸುಪಾಸು. ಅಮೆರಿಕಕ್ಕೆ ಹೋಲಿಸಿದರೆ ಅಗ್ಗ, ನಿಜ. ಉದ್ಯಾನ್ ಎಕ್ಸ್‌ಪ್ರೆಸ್‌ನ ಜನರಲ್ ಬೋಗಿಯಲ್ಲಿ ಬಂದು ಪರೇಲಿನ ಫುಟ್‌ಪಾತ್ ಮೇಲೆ ಮಲಗುವವರಿಗೆ ಈ ಹೋಲಿಕೆ ಕಟ್ಟಿಕೊಂಡು ಏನಾಗಬೇಕು? 2025ರ ಜನವರಿಯಲ್ಲಿ ಬೆಂಗಳೂರಿನ ಇಮ್ಯುನೀಲ್ ಕಂಪನಿ ಕೂಡ ಕ್ವಾರ್ಟೆಮಿ ಎಂಬ ಕಾರ್-ಟಿ ತಂದಿದೆ. ಪೈಪೋಟಿಯಿಂದ ಬೆಲೆ ಇಳಿದರೆ ಒಳ್ಳೆಯದು.

ಫೋನಿನಲ್ಲಿ ಕೇಳುವ "ಅಪ್ಪಂಗೆ ಆಗತ್ತಾ"ಗೆ ಉತ್ತರ ಬಹುತೇಕ ಸಲ 'ಇಲ್ಲ' ಅಂತಲೇ. ನೆಕ್ಸ್‌ಕಾರ್19ಕ್ಕೆ ಒಪ್ಪಿಗೆ ಇರುವುದು ಬಿ ಕೋಶದ, ಅಂದರೆ ಪ್ರತಿಕಾಯ ತಯಾರಿಸುವ ರಕ್ತಕೋಶದ, ಕೆಲವು ಲ್ಯುಕೇಮಿಯಾ, ಲಿಂಫೋಮಾಗಳಿಗೆ. ಅದೂ ಬೇರೆ ಚಿಕಿತ್ಸೆ ಫಲಿಸದಿದ್ದಾಗ ಅಥವಾ ರೋಗ ಮರಳಿದಾಗ. ಗುಟ್ಕಾದಿಂದ ಬಂದ ಬಾಯಿ ಕ್ಯಾನ್ಸರ್‌ಗೆ, ಸ್ತನ ಕ್ಯಾನ್ಸರ್‌ಗೆ ಇದು ಆಗುವುದಿಲ್ಲ. ಸಿಡಿ19 ಹೆಚ್ಚುಕಡಿಮೆ ಬಿ ಕೋಶಗಳ ಮೇಲಷ್ಟೇ ಇರುತ್ತದೆ. ಅವು ಪೂರ್ತಿ ನಾಶವಾದರೂ ಇಮ್ಯುನೋಗ್ಲೋಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯ ಕೊಟ್ಟು ರೋಗಿಯನ್ನು ಸಂಭಾಳಿಸಬಹುದು. ಗಟ್ಟಿ ಗೆಡ್ಡೆಗಳಲ್ಲಿ ಇಂಥ ಅನುಕೂಲದ ಗುರುತು ಸಿಗುವುದು ಕಷ್ಟ, ಆರೋಗ್ಯವಾದ ಅಂಗಕ್ಕೂ ಏಟು ಬೀಳುತ್ತದೆ. ನೆಕ್ಸ್‌ಕಾರ್19ರ ಪ್ರಯೋಗದ ಫಲಿತಾಂಶ 2025ರಲ್ಲಿ ಲ್ಯಾನ್ಸೆಟ್ ಹೆಮಟಾಲಜಿ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದಾಗ 73% ರೋಗಿಗಳಲ್ಲಿ ಪ್ರತಿಕ್ರಿಯೆ ಕಂಡಿದೆ ಅಂತ ಇತ್ತು. ಪ್ರತಿಕ್ರಿಯೆ ಅಂದರೆ ಕ್ಯಾನ್ಸರ್ ಕಾಣದಂತಾಯಿತು ಅಥವಾ ಕುಗ್ಗಿತು ಅಂತ. ಶಾಶ್ವತವಾಗಿ ಗುಣ ಅಂತಲ್ಲ. ವಾಟ್ಸಾಪ್‌ಗೆ ಬರುವಷ್ಟರಲ್ಲಿ ಈ ವ್ಯತ್ಯಾಸ ಕಾಣೆಯಾಗಿರುತ್ತದೆ, ಅಲ್ವಾ?

ಸಂಶೋಧಕರ ಕಣ್ಣು ಈಗ ಮತ್ತೆ ಬಾಲದ ಮೇಲೆ ಬಿದ್ದಿದೆ. ಕೂಗು ಜೋರಾದಷ್ಟೂ ಒಳ್ಳೆಯದು ಅಂತ ನಮಗೆ ಅನ್ನಿಸಬಹುದು. ಹಾಗಿಲ್ಲ. ಬಿಡುವಿಲ್ಲದೆ ಸಂಕೇತ ಬರುತ್ತಿದ್ದರೆ ಟಿ ಕೋಶ ದಣಿಯುತ್ತದೆ. 2019ರಲ್ಲಿ ನ್ಯೂಯಾರ್ಕ್‌ನ ತಂಡವೊಂದು ಝೀಟಾದ ಮೂರು ಐಟ್ಯಾಮ್‌ಗಳಲ್ಲಿ ಎರಡನ್ನು ಕೆಡಿಸಿ, ಮೊದಲನೆಯದನ್ನು ಮಾತ್ರ ಉಳಿಸಿತು. ಇಲಿಗಳಲ್ಲಿ ಈ ಕಾರ್ ಕೋಶಗಳು ಪೂರ್ತಿ ಬಾಲ ಇದ್ದವಕ್ಕಿಂತ ಚೆನ್ನಾಗಿ, ಹೆಚ್ಚು ಕಾಲ ಕೆಲಸ ಮಾಡಿದವು. ಸಂಕೇತ ಅತಿಯಾದರೆ ರೋಗಿಗೂ ಅಪಾಯ: ಜ್ವರ ಏರಿ, ಬಿಪಿ ಕುಸಿದು, ಐಸಿಯುಗೆ ಸೇರಿಸಬೇಕಾಗುವುದು ಉಂಟು. 2024ರ ಜನವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಈ ಚಿಕಿತ್ಸೆ ಪಡೆದವರಲ್ಲಿ ಅಪರೂಪಕ್ಕೆ ಟಿ ಕೋಶದ ಕ್ಯಾನ್ಸರೇ ಬರಬಹುದು ಅಂತ ಎಚ್ಚರಿಕೆ ಸೇರಿಸಲು ಹೇಳಿತು.

ನಮ್ಮ ಆರೋಗ್ಯ ವ್ಯವಸ್ಥೆ ಎಡವುತ್ತಿರುವುದು ಮಾತ್ರ ಇದೇ ಗ್ರಾಹಕದ ಕಥೆಯ ಇನ್ನೊಂದು ತುದಿಯಲ್ಲಿ, ಟಿ ಕೋಶ ಕೆಟ್ಟು ಹುಟ್ಟುವ ಮಕ್ಕಳ ವಿಷಯದಲ್ಲಿ. ಟಾಟಾ ಆಸ್ಪತ್ರೆಯಿಂದ ನಡೆದುಕೊಂಡು ಹೋಗುವಷ್ಟು ದೂರದಲ್ಲಿ ಕೆಇಎಂ ಮತ್ತು ಮಕ್ಕಳ ವಾಡಿಯಾ ಆಸ್ಪತ್ರೆಗಳಿವೆ. ಕೆಇಎಂ ಆವರಣದಲ್ಲೇ ಐಸಿಎಂಆರ್‌ನ ರಾಷ್ಟ್ರೀಯ ಇಮ್ಯುನೋಹೆಮಟಾಲಜಿ ಸಂಸ್ಥೆ ಇದೆ. ಹುಟ್ಟಿನಿಂದ ರೋಗ ನಿರೋಧಕ ಶಕ್ತಿ ಕೆಟ್ಟ ಮಕ್ಕಳ ರಕ್ತ ದೂರದ ಊರುಗಳಿಂದ ಇಲ್ಲಿಗೆ ಬರುತ್ತದೆ. ಇಂಥ ರೋಗಗಳಲ್ಲಿ ತೀರಾ ಗಂಭೀರವಾದದ್ದನ್ನು ಸ್ಕಿಡ್ ಅನ್ನುತ್ತಾರೆ. ಝೀಟಾ ದೋಷ ಅದರಲ್ಲೂ ಬಲು ಅಪರೂಪ, ಬೇರೆ ಜೀನುಗಳಿಂದ ಬರುವುದೇ ಜಾಸ್ತಿ. ಆದರೆ ಮಗುವಿಗೆ ಆಗುವುದು ಒಂದೇ: ಟಿ ಕೋಶ ಇಲ್ಲ, ಅಥವಾ ಇದ್ದೂ ಕೆಲಸಕ್ಕೆ ಬರುವುದಿಲ್ಲ.

ಹುಟ್ಟಿದಾಗ ಮಗು ಚೆನ್ನಾಗಿಯೇ ಕಾಣುತ್ತದೆ. ಆಸ್ಪತ್ರೆಯಿಂದ ಮನೆಗೆ ಹೊರಡುವ ಮುಂಚೆ ಎಡತೋಳಿಗೆ ಕ್ಷಯದ ಲಸಿಕೆ ಬಿಸಿಜಿ, ಬಾಯಿಗೆ ಪೋಲಿಯೋ ಹನಿ ಹಾಕುತ್ತಾರೆ. ಎರಡರಲ್ಲೂ ಇರುವುದು ಬಲ ಕುಂದಿಸಿದ ಜೀವಂತ ಸೂಕ್ಷ್ಮಾಣು. ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಇದು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಟಿ ಕೋಶ ಇಲ್ಲದ ಮಗುವಿನಲ್ಲಿ ಮಾತ್ರ ಬಿಸಿಜಿಯೇ ಮೈಯೆಲ್ಲ ಹರಡಬಹುದು. ಎಡ ಬಗಲಲ್ಲಿ ಗಂಟು ಎದ್ದು ಕೀವಾಗುತ್ತದೆ. ಬಾಯಿಯ ಬಿಳಿ ಅಗ್ರ ಎಷ್ಟು ಔಷಧಿ ಹಾಕಿದರೂ ಹೋಗುವುದಿಲ್ಲ. ಭೇದಿ, ನ್ಯುಮೋನಿಯಾ, ತೂಕ ಏರದಿರುವುದು. ಡಾಕ್ಟರು ಬದಲಾಗುತ್ತಾರೆ, ಆಂಟಿಬಯಾಟಿಕ್ ಬದಲಾಗುತ್ತದೆ, ಅಷ್ಟರಲ್ಲಿ ತಿಂಗಳುಗಳು ಕಳೆದಿರುತ್ತವೆ.

ಎಷ್ಟೋ ಸಲ ಸುಳಿವು ಕೈಯಲ್ಲೇ ಇರುತ್ತದೆ, ರಕ್ತಕಣ ಎಣಿಸುವ ಸಾಮಾನ್ಯ ಸಿಬಿಸಿ ರಿಪೋರ್ಟ್‌ನಲ್ಲಿ. ಒಟ್ಟು ಬಿಳಿ ರಕ್ತಕಣ 8,000, ಅದರಲ್ಲಿ ಲಿಂಫೋಸೈಟ್, ಅಂದರೆ ಟಿ, ಬಿ ಮುಂತಾದ ಕೋಶಗಳು, 20% ಅಂತ ಇದೆ ಅಂದುಕೊಳ್ಳಿ. ಗುಣಿಸಿದರೆ 1,600. ದೊಡ್ಡವರಿಗೆ ಇದು ಸರಿ. ಮೂರು ತಿಂಗಳ ಮಗುವಿಗೆ ತೀರಾ ಕಡಿಮೆ. ಎಳೆಮಕ್ಕಳಲ್ಲಿ 2,500–3,000ಕ್ಕಿಂತ ಕೆಳಗಿದ್ದರೆ ಅನುಮಾನ ಪಡಬೇಕು. ಲ್ಯಾಬಿನವರು ದೊಡ್ಡವರ ಮಿತಿಯನ್ನೇ ಪಕ್ಕದಲ್ಲಿ ಅಚ್ಚು ಹಾಕಿದ್ದರೆ ಆ ಅಂಕಿ ಯಾರ ಕಣ್ಣಿಗೂ ಕೆಂಪಾಗಿ ಕಾಣುವುದಿಲ್ಲ. ಝೀಟಾ ದೋಷದಲ್ಲಿ ಬಿ ಕೋಶಗಳು ಇರುವುದರಿಂದ ಈ ಲೆಕ್ಕವೂ ಮೋಸ ಮಾಡಬಹುದು. ಆಗ ಫ್ಲೋ ಸೈಟೋಮೆಟ್ರಿ ಎಂಬ ಪರೀಕ್ಷೆಯಲ್ಲಿ ಟಿ, ಬಿ ಕೋಶಗಳನ್ನು ಬೇರೆ ಬೇರೆ ಎಣಿಸಬೇಕು.

ಇದಕ್ಕಿಂತ ಮೊದಲೇ ಹಿಡಿಯುವ ದಾರಿ ಒಂದಿದೆ. ಥೈಮಸ್‌ನಲ್ಲಿ ಆಲ್ಫಾ ಜೀನನ್ನು ಜೋಡಿಸುವಾಗ ಕತ್ತರಿಸಿ ಉಳಿದ ಡಿಎನ್‌ಎ ತುಂಡು ಉಂಗುರದಂತೆ ಸುತ್ತಿಕೊಂಡು ಕೋಶದಲ್ಲೇ ಉಳಿಯುತ್ತದೆ. ಅದಕ್ಕೆ ಟ್ರೆಕ್ ಅಂತ ಹೆಸರು. ಹೊಸ ಟಿ ಕೋಶ ಹುಟ್ಟುತ್ತಿದ್ದರೆ ಮಾತ್ರ ಟ್ರೆಕ್ ಸಿಗುತ್ತದೆ. ಮಗುವಿನ ಹಿಮ್ಮಡಿಯಿಂದ ಕಾಗದದ ಮೇಲೆ ತೆಗೆದ ರಕ್ತದ ಚುಕ್ಕೆಯಲ್ಲಿ ಪಿಸಿಆರ್ ಮೂಲಕ ಇದನ್ನು ಎಣಿಸಬಹುದು. 2008ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ಇದನ್ನು ಎಲ್ಲ ನವಜಾತ ಶಿಶುಗಳಿಗೂ ಶುರು ಮಾಡಿತು, 2018ರ ಕೊನೆಗೆ ಅಲ್ಲಿನ ಎಲ್ಲ 50 ರಾಜ್ಯಗಳಿಗೂ ಬಂತು. ಪರೀಕ್ಷೆ ಮಾಡುತ್ತಾ ಹೋದ ಮೇಲೆ ಗೊತ್ತಾದದ್ದು, ಅಲ್ಲಿ ಸುಮಾರು 58,000 ಮಕ್ಕಳಲ್ಲಿ ಒಂದಕ್ಕೆ ಸ್ಕಿಡ್ ಇದೆ ಅಂತ. ಬ್ರಿಟನ್ ಈ ಪರೀಕ್ಷೆಗಾಗಿಯೇ 2021ರಲ್ಲಿ ಬಿಸಿಜಿಯನ್ನು 28 ದಿನದ ನಂತರಕ್ಕೆ ಮುಂದೂಡಿತು. ಟ್ರೆಕ್ ಎಲ್ಲವನ್ನೂ ಹಿಡಿಯುವುದಿಲ್ಲ. ಝ್ಯಾಪ್-70 ಕೆಟ್ಟಿದ್ದರೆ ಟಿ ಕೋಶ ಹುಟ್ಟುತ್ತದೆ, ಕೆಲಸ ಮಾಡುವುದಿಲ್ಲ, ಟೆಸ್ಟ್ ಮಾತ್ರ ಸರಿ ಅನ್ನುತ್ತದೆ.

ಭಾರತದಲ್ಲಿ ಎಲ್ಲ ಮಕ್ಕಳಿಗೂ ಈ ಪರೀಕ್ಷೆ ಮಾಡುವ ರಾಷ್ಟ್ರೀಯ ಕಾರ್ಯಕ್ರಮ ಇಲ್ಲ. ಕ್ಷಯ ಇಷ್ಟು ಇರುವ ನಾಡಿನಲ್ಲಿ ಬಿಸಿಜಿಯನ್ನು ತಿಂಗಳು ಮುಂದೂಡಿದರೆ ಎಷ್ಟೋ ಮಕ್ಕಳು ಲಸಿಕೆಯೇ ಇಲ್ಲದೆ ತಪ್ಪಿಸಿಕೊಳ್ಳುತ್ತಾರೆ ಎನ್ನುವ ವಾದದಲ್ಲಿ ಹುರುಳಿದೆ. ಆದರೆ ಬಿಸಿಜಿ ಹುಟ್ಟಿದ ದಿನವೇ ಕೊಟ್ಟರೂ ಟ್ರೆಕ್ ವ್ಯರ್ಥವಲ್ಲ. ಅಮೆರಿಕದ ಅಧ್ಯಯನವೊಂದರಲ್ಲಿ ಮೂರೂವರೆ ತಿಂಗಳೊಳಗೆ ಅಸ್ಥಿಮಜ್ಜೆ ಕಸಿಯಾದ ಸ್ಕಿಡ್ ಮಕ್ಕಳಲ್ಲಿ 94% ಐದು ವರ್ಷದ ನಂತರವೂ ಬದುಕಿದ್ದರು. ಅದಕ್ಕಿಂತ ದೊಡ್ಡವಾಗಿ, ಕಸಿಯ ಹೊತ್ತಿಗೆ ಸೋಂಕೂ ಇದ್ದ ಮಕ್ಕಳಲ್ಲಿ ಬದುಕಿದ್ದು ಅರ್ಧ. ಚಿಕಿತ್ಸೆ ಒಂದೇ, ವ್ಯತ್ಯಾಸ ದಿನಾಂಕದ್ದು. 40 ಲಕ್ಷದ ಕಾರ್-ಟಿಗೆ ರಾಷ್ಟ್ರಪತಿ ಬರುವುದು ಸರಿಯೇ. ಒಂದು ಹನಿ ರಕ್ತದ ಪರೀಕ್ಷೆ ಇನ್ನೂ ಸರ್ಕಾರಿ ಹೆರಿಗೆ ವಾರ್ಡ್ ಮುಟ್ಟದಿರುವುದು ನನಗೆ ಸರಿ ಕಾಣುವುದಿಲ್ಲ.

ನಮ್ಮ ಕಡೆಯವರಿಗೆ ಇದು ಇನ್ನೂ ಹತ್ತಿರದ ವಿಷಯ. ಸೋದರಮಾವನಿಗೆ, ಸೋದರತ್ತೆ ಮಗನಿಗೆ ಹೆಣ್ಣು ಕೊಡುವುದು ಕರ್ನಾಟಕದಲ್ಲಿ ಈಗಲೂ ಇದೆ. ಸಿಡಿ247ರ ಒಂದು ಪ್ರತಿ ಕೆಟ್ಟಿದ್ದರೆ ಏನೂ ಆಗುವುದಿಲ್ಲ, ಇನ್ನೊಂದು ನಿಭಾಯಿಸುತ್ತದೆ. ಗಂಡ-ಹೆಂಡತಿ ಇಬ್ಬರಲ್ಲೂ ಒಂದೇ ಅಜ್ಜನಿಂದ ಬಂದ ಕೆಟ್ಟ ಪ್ರತಿ ಇದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಇದರಲ್ಲಿ ತಾಯಿಯ ತಪ್ಪೇನೂ ಇಲ್ಲ. ಮನೆಯಲ್ಲಿ ಮೊದಲೊಂದು ಮಗು ವರ್ಷದೊಳಗೆ ಸೋಂಕಿನಿಂದ ತೀರಿಕೊಂಡಿದ್ದರೆ, ಮುಂದಿನ ಮಗುವಿಗೆ ಬಿಸಿಜಿ, ಪೋಲಿಯೋ ಹನಿ ಹಾಕುವ ಮೊದಲೇ ಡಾಕ್ಟರಿಗೆ ಹೇಳಬೇಕು. ಆಮೇಲೆ ಹೇಳಿ ಪ್ರಯೋಜನ ಕಡಿಮೆ. 2021ರ ಅಪರೂಪದ ರೋಗಗಳ ರಾಷ್ಟ್ರೀಯ ನೀತಿಯಲ್ಲಿ ಸ್ಕಿಡ್ ಇದೆ. 2022ರಿಂದ ಚಿಕಿತ್ಸೆಗೆ 50 ಲಕ್ಷ ರೂಪಾಯಿವರೆಗೆ ನೆರವು ಸಿಗುವ ಅವಕಾಶವೂ ಇದೆ. ಅದನ್ನು ಕೊಡಿಸುವ ಕೇಂದ್ರಗಳಲ್ಲಿ ಕೆಇಎಂ ಒಂದು. ಊರಿನಿಂದ ಫೋನ್ ಬಂದಾಗ ಟಾಟಾದ ವಿಳಾಸದ ಜೊತೆ ಇದನ್ನೂ ಹೇಳಿಬಿಡಿ. ಮಗುವಿನ ಸಿಬಿಸಿ ರಿಪೋರ್ಟ್ ಮನೆಯಲ್ಲಿದ್ದರೆ ಲಿಂಫೋಸೈಟ್ ಲೆಕ್ಕವನ್ನು ಫೋನ್ ಇಡುವ ಮೊದಲೇ ಗುಣಿಸಿ ನೋಡಬಹುದು.